ನೋವಿಲ್ಲದ ಮುಖ

ಮೊದಲನೆಯ ಮುಖ ನಗಕೂಡದು ಎನ್ನುವುದು ಡಾಕ್ಟರಮ್ಮನವರ ಕಟ್ಟಪ್ಪಣೆ.

ಅಂಗೈ ಅಗಲದ ಆರು ಕಾರ್ಡು, ಅವುಗಳ ಮೇಲೆ ಬರೀ ಗೆರೆಯಲ್ಲಿ ಬಿಡಿಸಿದ ಆರು ಮುಖ. ಮೊದಲನೆಯದಕ್ಕೆ ನೋವೇ ಇಲ್ಲ, ಕೊನೆಯದಕ್ಕೆ ತಡೆಯಲಾರದ ನೋವು. ನಡುವಿನವು ಒಂದೊಂದೇ ಮೆಟ್ಟಿಲು ಹತ್ತಿದ ಹಾಗೆ. ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದ ಮಗುವಿಗೆ ಎಷ್ಟು ನೋವು ಎಂದು ಕೇಳಿದರೆ ಅದು ಅಳತೆ ಮಾಡಿ ಎಲ್ಲಿಂದ ಹೇಳೀತು? ಒಂದು ಮುಖಕ್ಕೆ ಬೆರಳು ಮಾಡಿದರೆ ಸಾಕು. ನಗು ಯಾಕೆ ಬೇಡವೆಂದರೆ, ನೋವಿಲ್ಲದ ಮಗುವೂ ಅಮ್ಮ ಇನ್ನೂ ಬರಲಿಲ್ಲವೆಂದು ಮುಖ ಊದಿಸಿಕೊಂಡಿರಬಹುದು, ಆಗ ಅದು ನಗುವ ಮುಖವನ್ನು ಮುಟ್ಟುವುದಿಲ್ಲ. ಕಣ್ಣೀರೂ ಬೇಡ. ಕೆಲವು ಮಕ್ಕಳು ಎಂಥ ನೋವಿಗೂ ಅಳುವುದಿಲ್ಲ, ಕೆಲವು ಬಿಸ್ಕತ್ತು ಮುರಿದರೂ ಊರು ಒಂದು ಮಾಡುತ್ತವೆ. ಈ ಎರಡನೆಯ ಜಾತಿಯವು ನಮ್ಮ ಮನೆಯಲ್ಲಿ ಎರಡಿವೆ.

ಡಾಕ್ಟರಮ್ಮ ನಮ್ಮ ವಿಶ್ವವಿದ್ಯಾಲಯದ ಮಕ್ಕಳ ಆರೋಗ್ಯ ವಿಭಾಗದ ಮುಖ್ಯಸ್ಥೆ. ಈ ಸಂಶೋಧನೆ ಅವರದು. ಮಗುವನ್ನು ಯಾವ ಮಾತಿನಲ್ಲಿ ಕೇಳಬೇಕು ಎನ್ನುವುದು ಭಾಷಾ ವಿಭಾಗದ ಮೇಷ್ಟ್ರ ಪಾಲು. ಮೇಷ್ಟ್ರು ದೇವರಂಥವರು, ಆದರೆ ಸರಿಯಾದ ಪದ ಸಿಗುವ ತನಕ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿ ಚಾವಣಿ ನೋಡುತ್ತ ನಿಲ್ಲುವವರು. ಮೀಟಿಂಗಿನಲ್ಲಿ ಅವರ ಒಂದು ವಾಕ್ಯ ದಡ ಸೇರುವಷ್ಟರಲ್ಲಿ ನಮ್ಮ ಟೀ ತಣ್ಣಗಾಗಿರುತ್ತದೆ. ನಾನು ಸಂಶೋಧನಾ ಸಹಾಯಕ. ಹೆಸರೇನೋ ದೊಡ್ಡದು. ಮಾಡುವ ಕೆಲಸ ಕಾರ್ಡು ಕಲಸುವುದು, ಕ್ಯಾಮೆರಾ ಹಿಡಿಯುವುದು, ಮಕ್ಕಳ ಮೂಗು ಒರೆಸುವುದು. ಕೊನೆಯದರಲ್ಲಿ ಮನೆಯಲ್ಲೇ ಪಳಗಿದ್ದೇನೆ.

ಚಿತ್ರ ಬಿಡಿಸುವವಳು ನನ್ನ ಹೆಂಡತಿಯ ತಂಗಿ. ನಮ್ಮ ಮಕ್ಕಳು ಚಿಕ್ಕಿ ಎನ್ನುತ್ತಿದ್ದುದರಿಂದ ಈಗ ಎಲ್ಲರಿಗೂ ಅವಳು ಚಿಕ್ಕಿಯೇ, ವಿಭಾಗದ ಹಾಜರಿ ಪುಸ್ತಕವೊಂದನ್ನು ಬಿಟ್ಟು. ಚಿತ್ರಕಲೆ ಓದಿ ಮುಗಿಸಿ ನಮ್ಮ ಮುಂದಿನ ಕೋಣೆಯಲ್ಲಿ ಬೀಡು ಬಿಟ್ಟಿದ್ದಳು. ಇದು ಅವಳಿಗೆ ಸಿಕ್ಕ ಮೊದಲ ನಿಜವಾದ ಕೆಲಸ. ಮುಖಗಳು ಪಾಸಾದರೆ ವಿಭಾಗದಲ್ಲೇ ಚಿತ್ರಕಾರಳಾಗಿ ಇಟ್ಟುಕೊಳ್ಳುತ್ತೇನೆ ಎಂದು ಡಾಕ್ಟರಮ್ಮ ಹೇಳಿದ್ದರು. ಪಾಸಾಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಬಂದು ತಮ್ಮ ಸಿಮೆಂಟ್ ಅಂಗಡಿಯ ಗಲ್ಲಾದಲ್ಲಿ ಕೂರಬೇಕು ಎಂದು ನನ್ನ ಮಾವನವರು ಹೇಳಿದ್ದರು. ಇಬ್ಬರೂ ಆಡಿದ ಮಾತಿಗೆ ತಪ್ಪುವ ಪೈಕಿ ಅಲ್ಲ.

ನೋವಿನ ಮುಖಗಳನ್ನು ಚಿಕ್ಕಿ ಬೇಗ ಬೇಗ ಬಿಡಿಸಿದಳು. ಕಷ್ಟವಾದದ್ದು ನೋವಿಲ್ಲದ ಮುಖ. ನಗುವೂ ಇಲ್ಲ, ನೋವೂ ಇಲ್ಲ, ಕೋಪ ಇಲ್ಲ, ನಿದ್ದೆ ಇಲ್ಲ. ಹಾಗಾದರೆ ಇರುವುದಾದರೂ ಏನು? ಬರೆದಳು, ಅಳಿಸಿದಳು. ಮನೆಯ ನೆಲವೆಲ್ಲ ರಬ್ಬರಿನ ಪುಡಿ.

ಒಂದು ಸಂಜೆ ನಾನು ಒಗೆದ ಬಟ್ಟೆಯ ರಾಶಿಯ ಮುಂದೆ ಕೂತು ಕೈಯಲ್ಲಿ ಒಂದು ಪುಟ್ಟ ಕಾಲುಚೀಲ ಹಿಡಿದುಕೊಂಡು ಅದರ ಜೋಡಿಯನ್ನು ಹುಡುಕುತ್ತಿದ್ದೆ. ಹುಡುಕುತ್ತಿದ್ದೆ ಎನ್ನುವುದಕ್ಕಿಂತ ಹುಡುಕುವುದನ್ನು ಮರೆತು ಗೋಡೆ ನೋಡುತ್ತಿದ್ದೆ ಎಂದರೆ ಸರಿ.

"ಭಾವ, ಅಲ್ಲಾಡಬೇಡಿ!"

"ಏನೇ ಆಯ್ತು? ಜಿರಲೆನಾ?"

"ಮಾತೂ ಆಡಬೇಡಿ. ಹಂಗೇ ಇರಿ." ಪೆನ್ಸಿಲು ಸರಸರ ಓಡಿತು. "ಸಿಕ್ತು! ಏನಂದ್ರೆ ಏನೂ ಇಲ್ಲದ ಮುಖ!"

ಒಳಗಿನಿಂದ ನನ್ನ ಹೆಂಡತಿ ಕೂಗಿ ಹೇಳಿದಳು: "ಅದಕ್ಕೆ ಇಷ್ಟು ಒದ್ದಾಡಿದ್ಯಾ? ನನ್ನ ಕೇಳಿದ್ರೆ ಮೊದಲೇ ಹೇಳ್ತಿದ್ನಲ್ಲ. ಮದುವೆ ಆದಾಗಿಂದ ಅದನ್ನೇ ನೋಡ್ತಿದೀನಿ."

ನನಗೆ ಒಳಗೊಳಗೇ ಹೆಮ್ಮೆ. ನಾಳೆ ಯಾವ ವಾರ್ಡಿಗೆ ಹೋದರೂ ನೋವಿಲ್ಲ ಎನ್ನುವುದಕ್ಕೆ ನನ್ನ ಮುಖವೇ ಗುರುತು. ಅಷ್ಟು ಸಣ್ಣ ಗೆರೆಗಳಲ್ಲಿ ಯಾರಿಗೂ ಪತ್ತೆಯಾಗುವುದಿಲ್ಲ ಎಂದುಕೊಂಡು ನಾವಿಬ್ಬರೂ ವಿಭಾಗದಲ್ಲಿ ಬಾಯಿ ಬಿಡಲಿಲ್ಲ.

ಪರೀಕ್ಷೆ ನಡೆದದ್ದು ವಿಶ್ವವಿದ್ಯಾಲಯದವರದೇ ಶಿಶುವಿಹಾರದಲ್ಲಿ. ಕುಳ್ಳ ಮೇಜು, ಕುಳ್ಳ ಕುರ್ಚಿಗಳು, ಕಿಟಕಿಯುದ್ದಕ್ಕೂ ಒಣಗಲು ಹಾಕಿದ ಬಣ್ಣದ ಕಾಗದಗಳು. ಒಂದೊಂದೇ ಮಗುವನ್ನು ಕರೆದು, ಕಲಸಿದ ಕಾರ್ಡುಗಳನ್ನು ಮುಂದಿಟ್ಟು, ನೋವೇ ಇಲ್ಲದ ಮುಖದಿಂದ ತುಂಬಾ ನೋವಿರುವ ಮುಖದ ತನಕ ಸಾಲಾಗಿ ಜೋಡಿಸು ಎನ್ನಬೇಕು. ಮಕ್ಕಳು ನಮ್ಮ ಹಾಗೆಯೇ ಜೋಡಿಸಿದರೆ ಮುಖಗಳು ಗೆದ್ದ ಹಾಗೆ. ಮೇಷ್ಟ್ರು ಪ್ರಶ್ನೆಯ ಮಾತುಗಳನ್ನು ಕಾಗದದಲ್ಲಿ ಬರೆದು ಡಾಕ್ಟರಮ್ಮನವರ ಕೈಗೆ ಕೊಟ್ಟಿದ್ದರು. ಅದರಲ್ಲಿ ಒಂದು ಅಕ್ಷರ ಆಚೀಚೆ ಆಗುವಂತಿಲ್ಲ.

ಮೊದಲು ಬಂದವನು ಮುಂದಿನ ಹಲ್ಲು ಬಿದ್ದ ಹುಡುಗ. ಕಾರ್ಡುಗಳನ್ನು ವ್ಯಾಪಾರಿಯ ಹಾಗೆ ತಿರುಗಿಸಿ ಮುರುಗಿಸಿ ನೋಡಿ, ನನ್ನ ಮುಖವನ್ನು ಎತ್ತಿ, ಮೂರನೆಯದನ್ನು ದಾಟಿಸಿ ಇಟ್ಟ.

"ಇವರಿಗೆ ನೋವಾ ಮರಿ?" ಎಂದರು ಡಾಕ್ಟರಮ್ಮ.

"ಹೂಂ. ಹೇಳ್ತಾ ಇಲ್ಲ ಅಷ್ಟೇ."

"ಎಲ್ಲಿ ನೋವು?"

ಅವನು ತನ್ನ ಅಂಗಿಯನ್ನು ಎತ್ತಿ ಹೊಟ್ಟೆ ನೋಡಿಕೊಂಡು ಯೋಚಿಸಿದ. "ಎಲ್ಲಾ ಕಡೆ."

ಒಬ್ಬನ ಮಾತು ಬಿಡಿ ಎಂದುಕೊಂಡರೆ ಮುಂದಿನ ಹುಡುಗಿಯೂ ಅಲ್ಲಿಗೇ ಇಟ್ಟಳು. "ಇವರು ಬಸ್ಸಲ್ಲಿ ನಿಂತಿದಾರೆ. ಸೀಟು ಸಿಕ್ಕಿಲ್ಲ." ಇನ್ನೊಬ್ಬಳು, "ಇವರ ಶೂ ಚಿಕ್ಕದಾಗಿದೆ" ಎಂದಳು. ತಲೆ ತುಂಬ ಕ್ಲಿಪ್ಪು ಹಾಕಿಕೊಂಡಿದ್ದ ಒಂದು ಚೂಟಿ ಮಗು ಕಾರ್ಡಿನ ಮೇಲೆ ಕೈಯಿಟ್ಟು ನೇವರಿಸಿ, "ಹೋಗ್ಲಿ ಬಿಡಿ, ನಾಳೆ ವಾಸಿಯಾಗುತ್ತೆ" ಎಂದು ಸಮಾಧಾನ ಹೇಳಿತು. ನಾನು ಕ್ಯಾಮೆರಾದ ಹಿಂದೆ ಇನ್ನಷ್ಟು ಅಡಗಿದೆ.

ಎಲ್ಲ ಮಕ್ಕಳೂ ಒಂದೇ ಪಟ್ಟು. ನೋವಿಲ್ಲದ ಮುಖ ಮೂರನೆಯದಕ್ಕೂ ಐದನೆಯದಕ್ಕೂ ನಡುವೆ, ನಾಲ್ಕನೆಯ ಜಾಗದಲ್ಲಿ. ಚಿಕ್ಕಿ ನಾಲ್ಕನೆಯದೆಂದು ಬಿಡಿಸಿದ್ದ ಮುಖದ್ದು ಬೇರೆಯೇ ಪಾಡು. ಅದರ ಹುಬ್ಬು ಗಂಟಿಕ್ಕಿದ್ದನ್ನು ಕಂಡು ಮಕ್ಕಳು "ಇವರಿಗೆ ನೋವಲ್ಲ, ಸಿಟ್ಟು" ಎಂದು ಒಬ್ಬೊಬ್ಬರು ಒಂದೊಂದು ಕಡೆ ಇಟ್ಟಿದ್ದರು. ಒಬ್ಬನಂತೂ ಅದನ್ನು ಮೇಜಿನ ಕೆಳಗೇ ಇಟ್ಟ.

ಸಂಜೆ ವಿಭಾಗದ ಕೋಣೆಯಲ್ಲಿ ಡಾಕ್ಟರಮ್ಮ ಆ ಮೊದಲ ಕಾರ್ಡನ್ನು ಬೆಳಕಿಗೆ ಹಿಡಿದರು. ಕನ್ನಡಕ ಏರಿಸಿದರು. ಕಾರ್ಡು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಾರ್ಡು ನೋಡಿದರು.

"ಇದು ಎಲ್ಲೋ ನೋಡಿದ ಮುಖ ಇದ್ದಂಗಿದೆಯಲ್ಲ."

ನಾನು ಕೆಮ್ಮಿದೆ. ಚಿಕ್ಕಿ ಪೆನ್ಸಿಲು ಕೆತ್ತತೊಡಗಿದಳು. ಮೇಷ್ಟ್ರು ಬಗ್ಗಿ ನೋಡಿ, "ಇದು ನಮ್ಮ..." ಎಂದು ನಿಲ್ಲಿಸಿ ಚಾವಣಿಯ ಕಡೆ ಕತ್ತೆತ್ತಿದರು. ಅವರು ಪದ ಹುಡುಕಿ ಕೆಳಗಿಳಿಯುವ ಮುಂಚೆಯೇ ಡಾಕ್ಟರಮ್ಮ ಬಿದ್ದು ಬಿದ್ದು ನಗುತ್ತಿದ್ದರು.

"ಅಲ್ರೀ, ಜಗತ್ತಿನಲ್ಲಿ ನೋವಿಲ್ಲದ ಮುಖಕ್ಕೆ ಇವರೇ ಸಿಕ್ಕಿದ್ರಾ? ಇಬ್ಬರು ಮಕ್ಕಳ ತಂದೆ!"

"ನಂಗೇನಾಗಿದೆ ಮೇಡಂ? ಗುಂಡುಕಲ್ಲಿನ ಹಾಗೆ ಇದೀನಿ" ಎಂದೆ. ಯಾರೂ ಒಪ್ಪಲಿಲ್ಲ.

ನಗು ಮುಗಿದ ಮೇಲೆ ಅವರ ದನಿ ಬದಲಾಯಿತು. ವಾರ್ಡಿನಲ್ಲಿ ಈಗ ಬಳಸುತ್ತಿರುವ ಹಳೆಯ ಮುಖಗಳು ಜೆರಾಕ್ಸಿನ ಜೆರಾಕ್ಸು, ಕಣ್ಣು ಮೂಗು ಎಲ್ಲ ಕಪ್ಪು ಕಲೆ, ಆದರೂ ಏನೂ ಇಲ್ಲದಿರುವುದಕ್ಕಿಂತ ಮೇಲು. ಸೋಮವಾರ ಆಸ್ಪತ್ರೆಯ ಸಮಿತಿಯ ಮುಂದೆ ಹೊಸದನ್ನು ಇಡಲಾಗದಿದ್ದರೆ ಮತ್ತೆ ಅವನ್ನೇ ಮುಂದುವರಿಸಬೇಕಾಗುತ್ತದೆ.

"ನಿನ್ನ ಗೆರೆ ಚೆನ್ನಾಗಿದೆ ಪುಟ್ಟಿ. ಆದ್ರೆ ಮೊದಲ ಮೆಟ್ಟಿಲೇ ಇಲ್ಲದ ಏಣಿ ತಗೊಂಡು ನಾನೇನು ಮಾಡಲಿ?" ಎಂದರು ಚಿಕ್ಕಿಗೆ.

ದಾರಿಯುದ್ದಕ್ಕೂ ಚಿಕ್ಕಿ ನನ್ನ ಮುಖವನ್ನೇ ಓರೆಗಣ್ಣಿನಲ್ಲಿ ನೋಡುತ್ತ ಬಂದಳು. ಮನೆ ತಲುಪುವ ಹೊತ್ತಿಗೆ, "ಭಾವ, ನಿಜ ಹೇಳಿ. ನಿಮಗೆ ಎಲ್ಲಾದ್ರೂ ನೋವಿದೆಯಾ?" ಎಂದಳು.

"ಇಲ್ಲ ಮಾರಾಯ್ತಿ!"

"ಹಾಗಾದ್ರೆ ಯಾಕೆ ನಂಗೆ ಹಿಂಗೆ ಮೋಸ ಮಾಡಿದ್ರಿ?"

ಮರುದಿನದಿಂದ ಮುಖದ ಬೇಟೆ ಶುರುವಾಯಿತು. ಗೇಟಿನ ಕಾವಲುಗಾರರನ್ನು ಕೂರಿಸಿದಳು. ಅವರ ಮುಖ ಬಂದವರನ್ನೆಲ್ಲ ಯಾವ ವಿಭಾಗ, ಯಾರನ್ನು ನೋಡಬೇಕು ಎಂದು ಕೇಳುತ್ತಲೇ ಇತ್ತು. ಕ್ಯಾಂಟೀನಿನವರು ತಲೆ ಬಾಚಿಕೊಂಡು, ಶುಭ್ರ ಅಂಗಿ ತೊಟ್ಟು ಬಂದು ಫೋಟೋಕ್ಕೆ ನಗುವ ಹಾಗೆ ನಕ್ಕರು, ಎಷ್ಟು ಹೇಳಿದರೂ ಬಾಯಿ ಮುಚ್ಚಲಿಲ್ಲ. ಡಾಕ್ಟರಮ್ಮನವರದು ಎರಡು ಗೆರೆ ಎಳೆಯುವಷ್ಟರಲ್ಲಿ ಯಾರನ್ನೋ ಬೈಯುವ ಮುಖವಾಯಿತು. ನನ್ನ ಹೆಂಡತಿ ಸುಮ್ಮನೆ ಕೂರುತ್ತೇನೆಂದು ಮಾತು ಕೊಟ್ಟು, ಕೂತಲ್ಲಿಂದಲೇ ಮಕ್ಕಳಿಗೆ ಸ್ನಾನಕ್ಕೆ ಹೋಗಿ ಎಂದು, ನನಗೆ ಒಲೆ ಆರಿಸಿ ಎಂದು, ಚಿಕ್ಕಿಗೆ ನೆಟ್ಟಗೆ ಕೂತು ಬರಿ ಬೆನ್ನು ಬಾಗುತ್ತೆ ಎಂದು ಹೇಳಿ ಎದ್ದು ಹೋದಳು.

ದೊಡ್ಡವರ ಸಹವಾಸವೇ ಸಾಕು ಎಂದು ನಮ್ಮ ಮಕ್ಕಳನ್ನು ಹಿಡಿದಳು. ಪೆನ್ಸಿಲು ಕಂಡ ಕೂಡಲೇ ಮಗಳು ನಾಲಗೆ ಚಾಚಿದಳು. ಮಗ ಕಣ್ಣು ಮುಚ್ಚಿ ಸತ್ತವನ ಹಾಗೆ ಬಿದ್ದುಕೊಂಡ.

"ನೋವಿಲ್ಲದ ಮುಖ ಮಾಡೋ ಅಂದ್ರೆ ಹಿಂಗಾ ಮಾಡೋದು?"

"ಸತ್ತವರಿಗೆ ನೋವಿರಲ್ಲ ಚಿಕ್ಕಿ" ಎಂದ, ಕಣ್ಣು ಬಿಡದೆ.

ನಾನೂ ಒಂದು ಬೆಳಿಗ್ಗೆ ಗಡ್ಡ ಕೆರೆಯುವಾಗ ಕನ್ನಡಿಯ ಮುಂದೆ ಪ್ರಯತ್ನಪಟ್ಟೆ. ಹಣೆ ಸಡಿಲ ಬಿಟ್ಟೆ, ತುಟಿ ಸಮ ಮಾಡಿದೆ. ಬಾಗಿಲಲ್ಲಿ ನಿಂತ ಹೆಂಡತಿ, "ಹಲ್ಲುನೋವಾ? ಲವಂಗ ಇದೆ, ಕೊಡ್ಲಾ?" ಎಂದಳು. ಅಲ್ಲಿಗೆ ಬಿಟ್ಟೆ.

ಶುಕ್ರವಾರ ಬೆಳಿಗ್ಗೆ ಮಾವನವರ ಫೋನು ಬಂತು. ಈ ಕಡೆಯ ಮಾತಷ್ಟೇ ನಮಗೆ ಕೇಳಿಸುತ್ತಿತ್ತು. "ಇನ್ನೂ ಇಲ್ಲಪ್ಪ... ಹೂಂ... ಗೊತ್ತಪ್ಪ... ಸೋಮವಾರ." ಫೋನಿಟ್ಟ ಚಿಕ್ಕಿ ತನ್ನ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬತೊಡಗಿದಳು. ಮಗಳು ಒಂದೊಂದನ್ನೇ ತೆಗೆದು ಹೊರಗೆ ಎಸೆಯುತ್ತಿದ್ದಳು.

"ಇವತ್ತು ಮೇಡಂ, ಮೇಷ್ಟ್ರು ಮತ್ತೆ ಶಿಶುವಿಹಾರಕ್ಕೆ ಬರ್ತಾರೆ, ನೀನೂ ಬಾ. ಪೆನ್ಸಿಲು ಮುಟ್ಟದಿದ್ರೂ ಪರವಾಗಿಲ್ಲ, ಕಾರ್ಡು ವಾಪಸ್ ತಗೊಳ್ಳೋಕಾದ್ರೂ ಬಾ" ಎಂದು ಅವಳನ್ನು ಎಳೆದುಕೊಂಡು ಹೊರಟೆ.

ನಾವು ಹೋದಾಗ ಡಾಕ್ಟರಮ್ಮ ಬಂದಿರಲಿಲ್ಲ, ವಾರ್ಡಿನಲ್ಲಿ ಯಾವುದೋ ಅವಸರದ ಕೇಸು. ಮಕ್ಕಳೆಲ್ಲ ಕೂಡಿದ್ದವು, ಕೋಣೆ ಸಂತೆಯಾಗಿತ್ತು. ಶಿಶುವಿಹಾರದ ಟೀಚರು ಸೋತು, "ಮೇಷ್ಟ್ರೇ, ನೀವೇ ಏನಾದ್ರೂ ಹೇಳಿ ಇವರನ್ನ ಹಿಡಿದಿಡಿ" ಎಂದು ಬೇಡಿಕೊಂಡರು. ಮೇಷ್ಟ್ರು ಕುಳ್ಳ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು, ತಮಗೆ ತೋಚಿದ ಒಂದು ಕಥೆ ಶುರು ಮಾಡಿದರು. ಒಂದು ಕತ್ತೆ, ಅದರ ಬೆನ್ನ ಮೇಲೆ ಒಂದು ದೊಡ್ಡ ಗಂಟು, ಗಂಟಿನೊಳಗೆ ಏನಿದೆಯೆಂದು ಕತ್ತೆಗೂ ಗೊತ್ತಿಲ್ಲ. ನಡೆದು ನಡೆದು ಕತ್ತೆ ಒಂದು ಮರದ ಕೆಳಗೆ ನಿಂತಿತು. ಗಂಟು ಜಾರಿ ಕೆಳಗೆ ಬಿತ್ತು. ಬಿಚ್ಚಿಕೊಂಡಿತು.

"ಒಳಗಿಂದ ಮೆಲ್ಲಗೆ ಹೊರಗೆ ಬಂದದ್ದು ಒಂದು..."

ಮೇಷ್ಟ್ರಿಗೆ ಪದ ಸಿಗಲಿಲ್ಲ. ಚಾವಣಿ ನೋಡಿದರು.

ನನಗೆ ಅಭ್ಯಾಸಬಲದಿಂದ ಆಕಳಿಕೆ ಬಂತು. ಆದರೆ ಮಕ್ಕಳು ಆಕಳಿಸಲಿಲ್ಲ. ಒಂದು ಮಗುವೂ ಮಿಸುಕಲಿಲ್ಲ. ಗದ್ದಲ ಮಾಡುತ್ತಿದ್ದ ಆ ಹಿಂಡಿನಲ್ಲಿ ಉಸಿರಾಟ ಮಾತ್ರ ಕೇಳುತ್ತಿತ್ತು. ಹಲ್ಲಿಲ್ಲದ ಹುಡುಗನ ಕೈ ಮೂಗಿನ ಹತ್ತಿರ ಹೋಗಿದ್ದು ಅಲ್ಲೇ ಮರೆತುಹೋಗಿತ್ತು. ಕ್ಲಿಪ್ಪಿನ ಹುಡುಗಿ ಕತ್ತು ಕೊಂಚ ಮುಂದೆ ಮಾಡಿ ಕೂತಿದ್ದಳು. ಅಷ್ಟೂ ಮುಖಗಳಲ್ಲಿ ನಗುವಿರಲಿಲ್ಲ. ಭಯ, ಸಿಟ್ಟು, ನಿದ್ದೆ ಯಾವುದೂ ಇರಲಿಲ್ಲ. ತೊಳೆದಿಟ್ಟ ತಟ್ಟೆಯ ಹಾಗಿದ್ದವು.

ಚಿಕ್ಕಿ ನನ್ನ ತೋಳನ್ನು ಚಿವುಟಿದಳು, ಕೂಗಿಕೊಳ್ಳುವಷ್ಟು ಜೋರಾಗಿ. "ಭಾವ, ಕಾಗದ! ಪೆನ್ಸಿಲು!"

"ನೀನೇ ತಂದಿಲ್ವಲ್ಲೇ!"

ಟೀಚರ ಮೇಜಿನ ಮೇಲಿದ್ದ ಬಣ್ಣದ ಕಡ್ಡಿಯೊಂದನ್ನು ಎತ್ತಿಕೊಂಡು, ಒಣಗಲು ಹಾಕಿದ್ದ ಯಾರದೋ ಹಸಿರು ಆನೆಯ ಚಿತ್ರವನ್ನು ಕಿತ್ತು, ಅದರ ಹಿಂಬದಿಯಲ್ಲಿ ಬಿಡಿಸತೊಡಗಿದಳು. ನಾನು ಮೇಷ್ಟ್ರ ಹಿಂದೆ ಸರಿದು ಕಿವಿಯಲ್ಲಿ, "ಸರ್, ದಮ್ಮಯ್ಯ, ಆ ಪದ ಬೇಗ ಹುಡುಕಬೇಡಿ" ಎಂದೆ.

ಅವರು ಅಚ್ಚರಿಯಿಂದ ನನ್ನನ್ನು ನೋಡಿದರು. ಅವರ ಜೀವಮಾನದಲ್ಲಿ ಯಾರೂ ಅವರಿಗೆ ಹಾಗೆ ಹೇಳಿರಲಿಕ್ಕಿಲ್ಲ. ಖುಷಿಯಾಗಿ ಮತ್ತೆ ಚಾವಣಿಗೆ ಹೋದರು. ಅದಾದ ಮೇಲೆ ಕಥೆಯಲ್ಲಿ ಎಷ್ಟು ಸಲ ನಿಂತರೋ, ಪ್ರತಿ ಸಲವೂ ಚಿಕ್ಕಿ ಒಂದೊಂದು ಮುಖ ಹಿಡಿದಳು. ಗಂಟಿನಿಂದ ಹೊರಗೆ ಬಂದದ್ದು ಕೊನೆಗೆ ಒಂದು ಛತ್ರಿ. ಮಕ್ಕಳಿಗೆ ಅದರಲ್ಲಿ ಅಂಥದ್ದೇನಿದೆ ಎನ್ನಿಸಿತು, ಆದರೆ ಅಷ್ಟರಲ್ಲಿ ನಮ್ಮ ಕೆಲಸ ಮುಗಿದಿತ್ತು.

ಆನೆಯ ಒಡೆಯ ಮಾತ್ರ ಬಂದು ಸೊಂಟಕ್ಕೆ ಕೈಯಿಟ್ಟು ನಿಂತ. ಚಿಕ್ಕಿ ಅವನಿಗೆ ಅಲ್ಲೇ ಕೂತು ಇನ್ನೂ ದೊಡ್ಡ ಆನೆಯೊಂದನ್ನು ಬಿಡಿಸಿಕೊಟ್ಟಳು. "ನನ್ನದೇ ಚೆನ್ನಾಗಿತ್ತು" ಎಂದು ಹೇಳಿಯೇ ಅವನು ಅದನ್ನು ತೆಗೆದುಕೊಂಡ.

ಆ ಮಧ್ಯಾಹ್ನ ಎಲ್ಲ ಮುಖಗಳಿಂದ ಒಂದು ಮುಖ ಮಾಡಿದಳು. ಕಾರ್ಡಿಗೆ ಇಳಿಸಿದಳು. ಡಾಕ್ಟರಮ್ಮ ಬಂದರು, ಮಕ್ಕಳನ್ನು ಮತ್ತೆ ಕರೆದೆವು. ಮೊದಲ ಮಗು ಹೊಸ ಮುಖವನ್ನು ಎತ್ತಿ ಎಲ್ಲಕ್ಕಿಂತ ಮುಂದೆ ಇಟ್ಟಿತು. ಎರಡನೆಯದೂ ಅಲ್ಲೇ ಇಟ್ಟಿತು. "ಇವರಿಗೆ ಏನಾಗಿದೆ?" ಎಂದು ಡಾಕ್ಟರಮ್ಮ ಕೇಳಿದಾಗ ಕ್ಲಿಪ್ಪಿನ ಹುಡುಗಿ, "ಏನೂ ಆಗಿಲ್ಲ" ಎಂದಳು, ಇದನ್ನೂ ಕೇಳಬೇಕಾ ಎನ್ನುವ ಹಾಗೆ. ಚಿಕ್ಕಿ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡಳು.

ಆದರೆ ಏಣಿ ಇನ್ನೂ ಪೂರ್ತಿಯಾಗಿರಲಿಲ್ಲ. ಆ ಸಿಟ್ಟಿನ ಮುಖ ಊರೂರು ಅಲೆಯುತ್ತಲೇ ಇತ್ತು. ಹೊಸದಾಗಿ ನಾಲ್ಕನೆಯದನ್ನು ಬಿಡಿಸಿ, ಮಕ್ಕಳ ಮುಂದಿಟ್ಟು ನೋಡಲು ಇನ್ನು ಹೊತ್ತಿರಲಿಲ್ಲ, ಮಕ್ಕಳನ್ನು ಕರೆದೊಯ್ಯಲು ತಾಯಂದಿರು ಬಾಗಿಲಿಗೆ ಬಂದಾಗಿತ್ತು. ಚಿಕ್ಕಿಯ ಮುಖ ಮತ್ತೆ ಬಾಡಿತು.

ಡಾಕ್ಟರಮ್ಮ ತಮ್ಮ ಕೋಟಿನ ಜೇಬಿನಿಂದ ಹಳೆಯ ಮೊದಲನೆಯ ಕಾರ್ಡನ್ನು, ಅಂದರೆ ನನ್ನನ್ನು, ಹೊರಗೆ ತೆಗೆದರು.

"ಅವತ್ತು ಇದನ್ನ ಎಷ್ಟು ಮಕ್ಕಳು ನಾಲ್ಕನೇ ಜಾಗದಲ್ಲಿ ಇಟ್ಟರು?"

"ಎಲ್ಲರೂ ಮೇಡಂ" ಎಂದೆ, ಮೆಲ್ಲಗೆ.

"ಒಬ್ಬರಾದ್ರೂ ಅನುಮಾನ ಪಟ್ಟರಾ?"

"ಇಲ್ಲ."

"ಮತ್ತೆ ಇನ್ನೇನು ಬೇಕು? ಇಷ್ಟು ಖಚಿತವಾಗಿ ನಾಲ್ಕನೇದು ಅನ್ನೋ ಮುಖ ದುರ್ಬೀನು ಹಾಕಿ ಹುಡುಕಿದ್ರೂ ಸಿಗಲ್ಲ." ಸಿಟ್ಟಿನ ಮುಖವನ್ನು ತೆಗೆದು ಆ ಜಾಗದಲ್ಲಿ ನನ್ನನ್ನು ಇಟ್ಟರು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಮಕ್ಕಳನ್ನು ಒಬ್ಬೊಬ್ಬರಾಗಿ ವಾಪಸು ಕರೆದು ಕೇಳಿದರು. ಆರೂ ಮುಖಗಳು ಸಾಲಾಗಿ ನಿಂತವು. ತಾಯಂದಿರು ಕೂಡ ಬಗ್ಗಿ ನೋಡಿದರು, ಒಬ್ಬಾಕೆ ನಾಲ್ಕನೆಯದನ್ನು ತೋರಿಸಿ, "ಇದು ನಮ್ಮ ಯಜಮಾನರ ಥರಾನೇ ಇದೆ" ಎಂದರು.

"ಭಾವ, ನಿಮಗೆ ಪ್ರಮೋಷನ್ನು!" ಚಿಕ್ಕಿ ಕುಣಿದಳು. "ಒಂದರಿಂದ ನಾಲ್ಕಕ್ಕೆ!"

ಸಮಿತಿ ಒಪ್ಪಿತು, ಆದರೆ ಒಂದು ಷರತ್ತಿನ ಮೇಲೆ. ಶಿಶುವಿಹಾರದ ಮಕ್ಕಳು ಆಡುವ ಮಕ್ಕಳು, ನಿಜವಾಗಿ ನೋವಿರುವ ಮಗು ಈ ಕಾರ್ಡು ನೋಡಿ ಏನು ಮಾಡುತ್ತದೆ ಎಂದು ಮೊದಲು ವಾರ್ಡಿನಲ್ಲಿ ನೋಡಿ ಎಂದಿತು.

ವಾರ್ಡಿನ ಮೂಲೆಯ ಮಂಚದಲ್ಲಿ ಕೈಗೆ ಹೊಸದಾಗಿ ಪ್ಲಾಸ್ಟರ್ ಹಾಕಿಸಿಕೊಂಡ ಒಬ್ಬ ಹುಡುಗಿಯಿದ್ದಳು. ಜಾರುಬಂಡೆಯ ತುದಿಯಿಂದ ಬಿದ್ದವಳು. ಯಾರು ಏನು ಕೇಳಿದರೂ ಅವಳ ಉತ್ತರ ಒಂದೇ: "ಇಲ್ಲ." ನೋವಿದೆ ಎಂದರೆ ಸೂಜಿ ಚುಚ್ಚುತ್ತಾರೆ ಎಂದು ಪಕ್ಕದ ಮಂಚದ ಹುಡುಗ ಹೇಳಿಕೊಟ್ಟಿದ್ದ. ಅವಳಮ್ಮ ಸೆರಗಿನ ತುದಿ ಹಿಂಡುತ್ತ, "ಬೆಳಿಗ್ಗೆಯಿಂದ ತುಟಿ ಕಚ್ಚಿಕೊಂಡಿದಾಳೆ, ಕೇಳಿದ್ರೆ ಇಲ್ಲ ಅಂತಾಳೆ" ಎಂದು ಅಲವತ್ತುಕೊಂಡರು. ಚಿಕ್ಕಿ ಒಳಗೆ ಬರಲು ಒಪ್ಪದೆ ಪಡಸಾಲೆಯ ಬೆಂಚಿನಲ್ಲಿ ಕೂತಿದ್ದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ.

ಡಾಕ್ಟರಮ್ಮ ಕಾರ್ಡುಗಳನ್ನು ಹೊದಿಕೆಯ ಮೇಲೆ ಸಾಲಾಗಿ ಇಟ್ಟು, ಮೇಷ್ಟ್ರು ಬರೆದುಕೊಟ್ಟ ಮಾತುಗಳನ್ನೇ ಹೇಳಿದರು. "ಈ ಮುಖಕ್ಕೆ ನೋವೇ ಇಲ್ಲ. ಈ ಕೊನೇ ಮುಖಕ್ಕೆ ತುಂಬಾ ತುಂಬಾ ನೋವು. ಈಗ ನಿನ್ನ ಕೈ ಯಾವ ಮುಖದ ಹಾಗಿದೆ?"

ಹುಡುಗಿ ಪಕ್ಕದ ಮಂಚದವನನ್ನು ಓರೆಗಣ್ಣಿನಲ್ಲಿ ನೋಡಿದಳು. ಪ್ಲಾಸ್ಟರ್ ಇಲ್ಲದ ಕೈಯ ಬೆರಳು ಹೊದಿಕೆಯ ಮೇಲೆ ಮೆಲ್ಲಗೆ ಸರಿದು ನಾಲ್ಕನೆಯ ಕಾರ್ಡಿನ ಮೇಲೆ ನಿಂತಿತು. ಆಮೇಲೆ ತಲೆ ಎತ್ತಿ ನನ್ನನ್ನೇ ಕಣ್ಣರಳಿಸಿ ನೋಡಿದಳು.

"ಆ ಅಂಕಲ್ಲಿಗೂ ಕೈ ಮುರಿದಿದೆಯಾ?"

"ಇಲ್ಲ ಕಂದ," ಎಂದರು ಡಾಕ್ಟರಮ್ಮ ಗಂಭೀರವಾಗಿ, "ಅವರಿಗೆ ಮಕ್ಕಳಿವೆ."

ಸೂಜಿ ಬರಲಿಲ್ಲ, ಕಿತ್ತಳೆ ಬಣ್ಣದ ಸಿರಪ್ಪು ಬಂತು. ಅವಳು ಚಮಚ ನೆಕ್ಕಿ ಕೊಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಡಾಕ್ಟರಮ್ಮ ಮತ್ತೆ ಕಾರ್ಡು ಹರಡಿ ಅದೇ ಮಾತು ಕೇಳಿದರು. ಬೆರಳು ನನ್ನನ್ನು ಬಿಟ್ಟು ಹಿಂದೆ ಹಿಂದೆ ಸರಿದು ಎರಡನೆಯದರ ಮೇಲೆ ಕೂತಿತು. ಕಚ್ಚಿ ಹಿಡಿದಿದ್ದ ತುಟಿ ಸಡಿಲವಾಗಿತ್ತು. ಅವಳಮ್ಮ ಆಗ ಮೊದಲ ಸಲ ಕುರ್ಚಿಗೆ ಒರಗಿದರು.

ಪಡಸಾಲೆಗೆ ಬಂದೆ. ಚಿಕ್ಕಿ ಎದ್ದು ನಿಂತಿದ್ದಳು.

"ಎಷ್ಟನೇದು ಭಾವ?"

"ನಾಲ್ಕು. ಔಷಧಿ ಆದ ಮೇಲೆ ಎರಡು."

ಅವಳು ಬೆಂಚಿನ ಮೇಲೆ ಧೊಪ್ಪನೆ ಕೂತಳು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿ, ಅಂಗೈಯಲ್ಲಿ ಮುಖ ಒರೆಸಿಕೊಂಡು, ನನ್ನಿಂದ ಪೂರ್ತಿ ಕಥೆ ಕೇಳಿಸಿಕೊಂಡು, ತಂದೆಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. ಖುಷಿಗೆ ದನಿ ಏರಿತ್ತು. "ಅಪ್ಪಾ, ಪಾಸಾಯ್ತು! ಅಂಗಡಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ!" ಎಂದು ಶುರುಮಾಡಿ, ಕೈ ಮುರಿದ ಹುಡುಗಿ, ಕಾರ್ಡು, ಬೆರಳು, ಸಿರಪ್ಪು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದಳು. ಆ ಕಡೆ ಲಾರಿಯಿಂದ ಮೂಟೆ ಇಳಿಸುವ ಸದ್ದು ಕೇಳುತ್ತಿತ್ತು.

ಕೊನೆಗೆ ಮಾವನವರು ಕೇಳಿದರು. "ಈಗ ಹೇಗಿದೆ ಆ ಮಗು?"

ಚಿಕ್ಕಿ ವಾರ್ಡಿನ ಬಾಗಿಲಿನಿಂದ ಇಣುಕಿ ನೋಡಿದಳು. "ನಿದ್ದೆ ಹತ್ತುತ್ತಾ ಇದೆಯಪ್ಪ."

"ಮತ್ತೆ ಯಾಕೆ ಹಿಂಗೆ ಕಿರುಚ್ತೀಯೇ? ಎಚ್ಚರ ಆಗುತ್ತೆ ಅದಕ್ಕೆ. ಫೋನಿಡು."